ಹೊಂದಿಕೊಂಡ ಬಣ್ಣ, ಮರೆಯಾದ ದೋಷ

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲೋ ಕಾರವಾರ ರಸ್ತೆಯಲ್ಲೋ ಹಾದುಹೋಗುವಾಗ, ಗ್ಯಾರೇಜಿನ ಮುಂದೆ ಮೈತುಂಬ ಹಳೆಯ ಪತ್ರಿಕೆ ಅಂಟಿಸಿಕೊಂಡು ನಿಂತ ಕಾರನ್ನು ನೀವು ಕಂಡಿರಬಹುದು. ಗಾಜು, ದೀಪ, ನಂಬರ್ ಪ್ಲೇಟು ಎಲ್ಲವನ್ನೂ ಮುಚ್ಚಿ, ಒಂದು ಬಾಗಿಲನ್ನು ಮಾತ್ರ ಬೂದು ಪ್ರೈಮರಿನಲ್ಲಿ ತೆರೆದಿಟ್ಟಿರುತ್ತಾರೆ. ಎರಡು ದಿನ ಬಿಟ್ಟು ಅದೇ ಕಾರನ್ನು ನೋಡಿದರೆ ಯಾವ ಬಾಗಿಲಿಗೆ ಪೆಟ್ಟು ಬಿದ್ದಿತ್ತೆಂದು ಹೇಳಲಾರಿರಿ. ನೋಡಿದವರಿಗೆ ಗೊತ್ತಾಗಬಾರದು, ಅದೇ ಆ ಕಸುಬಿನ ಹೆಗ್ಗಳಿಕೆ. ಬೇರೆ ಕುಶಲಕರ್ಮಿಗಳ ಕೆಲಸವನ್ನು ಜನ ಕಂಡು ಮೆಚ್ಚುತ್ತಾರೆ. ಬಣ್ಣದ ಮಿಸ್ತ್ರಿಯ ಕೆಲಸ ಕಣ್ಣಿಗೆ ಬಿದ್ದರೆ ಅದು ಕೆಟ್ಟ ಕೆಲಸ.

ಈ ಕಸುಬಿನಲ್ಲಿ ತಲೆ ನೆರೆತ, ಐದು ಹೊತ್ತು ನಮಾಝ್ ತಪ್ಪಿಸದ ಮಿಸ್ತ್ರಿಯೊಬ್ಬರು ಒಂದು ಸಂಜೆ ಮಗ್ರಿಬ್ ಮುಗಿದ ಮೇಲೆ ಮಸೀದಿಯ ಮೆಟ್ಟಿಲಲ್ಲಿ ನನ್ನನ್ನು ತಡೆದು ಕೇಳಿದರು: "ಸಾಹೇಬ್ರ, ನಾ ಬಣ್ಣಾ ಹೊಡ್ಯಾಂವ, ಗಾಡಿ ಮಾರಾಂವ ಅಲ್ಲ. ಮಾರಾಂವ ಸುಳ್ಳ ಹೇಳಿದ್ರ ಅದರ ಗುನ್ಹಾ ನನಗ್ಯಾಕ ಬರಬೇಕು?"

ಪ್ರಶ್ನೆ ಸರಳವಾಗಿ ತೋರುತ್ತದೆ. ಆದರೆ ಅದಕ್ಕೆ ಉತ್ತರ ಹುಡುಕುತ್ತ ಹೋದಾಗ, ನಾವು ಪ್ರತಿದಿನ ಮನೆಯಲ್ಲಿ, ಅಂಗಡಿಯಲ್ಲಿ, ಮದುವೆಯ ಮಾತುಕತೆಯಲ್ಲಿ ಮಾಡುವ ಎಷ್ಟೋ ಕೆಲಸಗಳು ಅದರೊಳಗೆ ಸೇರಿಕೊಂಡಿರುವುದು ಕಾಣಿಸಿತು. ಆದ್ದರಿಂದ ಓದುಗರೇ, ನಿಮ್ಮ ಮುಂದೆ ಇದನ್ನಿಡುತ್ತಿದ್ದೇನೆ.

ಮೊದಲು ಆ ಕೆಲಸವೇನೆಂಬುದನ್ನು ಅರಿಯುವುದು ಅಗತ್ಯ. ಕಾರ್ಖಾನೆಯಲ್ಲಿ ಕಾರಿಗೆ ಬಣ್ಣ ಹಾಕುವಾಗ ಅದರಲ್ಲಿ ಸೀಟು, ವೈರು, ರಬ್ಬರು ಯಾವುದೂ ಇರುವುದಿಲ್ಲ. ಬರಿಯ ತಗಡಿನ ಒಡಲನ್ನು ತೊಳೆದು, ಪ್ರೈಮರಿನ ತೊಟ್ಟಿಯಲ್ಲಿ ಇಡಿಯಾಗಿ ಮುಳುಗಿಸಿ, ವಿದ್ಯುತ್ ಹರಿಸಿ ಸಂದುಗೊಂದುಗಳಿಗೂ ಅದು ಅಂಟುವಂತೆ ಮಾಡುತ್ತಾರೆ. ಅದರ ಮೇಲೆ ಮತ್ತೊಂದು ಪ್ರೈಮರ್, ಅನಂತರ ಬಣ್ಣ, ಕೊನೆಗೆ ಗಾಜಿನಂಥ ಕ್ಲಿಯರ್ ಪದರ. ಸುಮಾರು 140 ಡಿಗ್ರಿ ಶಾಖದ ಒಲೆಯಲ್ಲಿ ಇವು ಬೆಂದು ಗಟ್ಟಿಯಾಗುತ್ತವೆ. ಇಷ್ಟೆಲ್ಲ ಪದರ ಸೇರಿದರೂ ದಪ್ಪ ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ಮಾತ್ರ. ರಸ್ತೆಗಿಳಿದ ಕಾರನ್ನು ಮತ್ತೆ ಅಂಥ ಒಲೆಗೆ ಹಾಕಲಾಗದು, ಪ್ಲಾಸ್ಟಿಕ್ಕು ರಬ್ಬರುಗಳೆಲ್ಲ ಕರಗಿಹೋದಾವು. ಆದ್ದರಿಂದ ಗ್ಯಾರೇಜಿನಲ್ಲಿ ಹಾರ್ಡ್‌ನರ್ ಬೆರೆಸಿದ, ಕಡಿಮೆ ಶಾಖದಲ್ಲಿಯೇ ಒಣಗುವ ಬೇರೊಂದು ಜಾತಿಯ ಬಣ್ಣವನ್ನು ಬಳಸಬೇಕಾಗುತ್ತದೆ. ಬೇರೆ ವಸ್ತುವಿನಿಂದ ಅದೇ ರೂಪ ತರಬೇಕು.

ಪ್ರತಿ ಬಣ್ಣಕ್ಕೂ ಕಂಪನಿಯೊಂದು ಸಂಕೇತ ಕೊಟ್ಟಿರುತ್ತದೆ. ಮಾರುತಿ ಸುಜುಕಿಯ ಸಿಲ್ಕಿ ಸಿಲ್ವರಿಗೆ ಝಡ್2ಎಸ್, ಸುಪೀರಿಯರ್ ವೈಟಿಗೆ 26ಯು. ಬಾನೆಟ್ಟಿನ ಒಳಗೆ ಅಥವಾ ಬಾಗಿಲ ಕಂಬದ ಮೇಲಿನ ಪಟ್ಟಿಯಲ್ಲಿ ಅದನ್ನು ನೋಡಿ, ಬಣ್ಣದ ಅಂಗಡಿಯವರು ಸೂತ್ರ ತೆಗೆದು, ತಕ್ಕಡಿಯಲ್ಲಿ ಗ್ರಾಮಿನ ಲೆಕ್ಕದಲ್ಲಿ ತೂಗಿ ಬೆರೆಸಿ ಕೊಡುತ್ತಾರೆ. ಅಲ್ಲಿಗೆ ಕೆಲಸ ಮುಗಿಯಿತೆಂದು ನಾನು ತಿಳಿದಿದ್ದೆ. ಮಿಸ್ತ್ರಿ ನಕ್ಕರು. ಸೂತ್ರ ಹೇಳುವುದು ಕಾರು ಹುಟ್ಟಿದ ದಿನದ ಬಣ್ಣವನ್ನು. ಐದಾರು ಬೇಸಿಗೆಗಳ ಬಿಸಿಲುಂಡ ಕಾರಿನ ಬಣ್ಣ ಅದಲ್ಲ. ಒಂದೇ ಸಂಕೇತದ ಬಣ್ಣವೂ ಕಾರ್ಖಾನೆಯಿಂದ ಕಾರ್ಖಾನೆಗೆ, ತಂಡದಿಂದ ತಂಡಕ್ಕೆ ತುಸು ಬೇರೆಯಾಗಿ ಬಂದಿರುತ್ತದೆ. ಹೀಗಾಗಿ ಅವರು ಮೊದಲು ಪಕ್ಕದ ಭಾಗವನ್ನು ಪಾಲಿಶ್ ಮಾಡಿ ಅದರ ನಿಜವಾದ ಬಣ್ಣ ತೆರೆಸುತ್ತಾರೆ. ಬೆರೆಸಿದ ಬಣ್ಣವನ್ನು ಒಂದು ಕಾರ್ಡಿನ ಮೇಲೆ ಹೊಡೆದು, ಒಣಗಿಸಿ, ಕ್ಲಿಯರ್ ಹಾಕಿ, ಕಾರಿನ ಪಕ್ಕ ಹಿಡಿದು ನೋಡುತ್ತಾರೆ. ಒಂದು ಹನಿ ಕಪ್ಪು, ಒಂದು ಹನಿ ಹಳದಿ, ಮತ್ತೊಂದು ಕಾರ್ಡು.

ಅತಿ ಕಷ್ಟದ್ದು ಬೆಳ್ಳಿಯ ಬಣ್ಣವಂತೆ. ಅದರಲ್ಲಿ ಅಲ್ಯೂಮಿನಿಯಮಿನ ಸಣ್ಣ ಚೂರುಗಳಿರುತ್ತವೆ. ಗನ್ನನ್ನು ದೂರ ಹಿಡಿದು ಒಣದಾಗಿ ಹೊಡೆದರೆ ಬಣ್ಣ ಬೆಳ್ಳಗೆ, ಹತ್ತಿರದಿಂದ ಹಸಿಯಾಗಿ ಹೊಡೆದರೆ ಮಬ್ಬು. ಅದೇ ಡಬ್ಬಿ, ಅದೇ ಬಣ್ಣ, ಎರಡು ಕೈಯಲ್ಲಿ ಎರಡು ರೂಪ. ಎದುರಿನಿಂದ ಹೊಂದಿದ್ದು ಓರೆಯಿಂದ ನೋಡಿದರೆ ಬೇರೆಯಾಗಿ ಕಾಣಬಹುದು. ಇನ್ನು ಬೆಳಕಿನ ಆಟ ಬೇರೆ. ಟ್ಯೂಬ್‌ಲೈಟಿನ ಕೆಳಗೆ ಒಂದೇ ಎನಿಸಿದ ಎರಡು ಬಣ್ಣಗಳು ಬೆಳಗಿನ ಬಿಸಿಲಿಗೆ ಬಂದೊಡನೆ ಅಣ್ಣತಮ್ಮಂದಿರಲ್ಲವೆಂದು ಒಪ್ಪಿಕೊಳ್ಳುತ್ತವೆ. ಎಷ್ಟು ಮಾಡಿದರೂ ಎಳೆಯಷ್ಟು ವ್ಯತ್ಯಾಸ ಉಳಿಯುವುದರಿಂದ, ಬಣ್ಣವನ್ನು ರಿಪೇರಿಯಾದ ಬಾಗಿಲಿಗೇ ನಿಲ್ಲಿಸದೆ ಪಕ್ಕದ ಬಾಗಿಲಿನ ಮೇಲೂ ತೆಳುವಾಗುತ್ತ ಹೋಗುವಂತೆ ಹಬ್ಬಿಸುತ್ತಾರೆ. ಗಡಿ ಇದ್ದರೆ ತಾನೇ ಕಣ್ಣು ಹೋಲಿಸುವುದು? ಗಡಿಯನ್ನೇ ಅಳಿಸಿಬಿಟ್ಟರಾಯಿತು.

ಇದು ನಿಂದಿಸಬೇಕಾದ ಕೆಲಸವೇ? ಖಂಡಿತ ಅಲ್ಲ. ಮಾಡುವ ಕೆಲಸವನ್ನು ಪರಿಪೂರ್ಣವಾಗಿ ಮಾಡುವವನನ್ನು ಅಲ್ಲಾಹನು ಮೆಚ್ಚುತ್ತಾನೆಂಬ ಅರ್ಥದ ಹದೀಸನ್ನು ಹ. ಆಯಿಶಾ(ರ) ಅವರಿಂದ ಇಮಾಮ್ ಬೈಹಕಿ ವರದಿ ಮಾಡಿದ್ದಾರೆ. ನಿಮ್ಮ ಕಾರಿಗೆ ಯಾರೋ ಬೈಕಿನವನು ಗೀರೆಳೆದು ಹೋದ. ಅದನ್ನು ಸರಿಪಡಿಸಿಕೊಂಡು ನೀವೇ ಓಡಿಸುತ್ತೀರಿ. ಗೀರು ಕಾಣದಿರುವುದರಿಂದ ಯಾರಿಗೂ ಒಂದು ಪೈಸೆಯ ನಷ್ಟವಿಲ್ಲ. ಗಾಳಿ ನೀರು ತಾಗದೆ ತಗಡಿಗೆ ತುಕ್ಕು ಹಿಡಿಯುವುದೂ ತಪ್ಪುತ್ತದೆ. ಇದು ನೇರವಾದ ಹಲಾಲ್ ದುಡಿಮೆ. ಗಿರಾಕಿಯೊಂದಿಗಿನ ವ್ಯವಹಾರದಲ್ಲಿ ಮಿಸ್ತ್ರಿ ಕಾಯ್ದುಕೊಳ್ಳಬೇಕಾದ ಪ್ರಾಮಾಣಿಕತೆ ಬೇರೆಯೇ ಇದೆ, ಅದನ್ನು ಇಲ್ಲಿ ವಿಸ್ತರಿಸುವುದಿಲ್ಲ. ಒಂದು ಮಾತು ಮಾತ್ರ. ಹೊಂದದ ಬಣ್ಣದ ಕಾರನ್ನು ಸಂಜೆಯ ದೀಪದ ಬೆಳಕಿನಲ್ಲಿಯೇ ಗಿರಾಕಿಗೆ ಒಪ್ಪಿಸಿ ಹಣ ಪಡೆಯುವವರಿದ್ದಾರೆ. ಬಟ್ಟೆಯನ್ನು ಕತ್ತಲ ಜಾಗದಲ್ಲಿ ತೋರಿಸಿ ಮಾರುವುದೂ ವಂಚನೆಯೇ ಎಂದು ಇಮಾಮ್ ಗಝ್ಝಾಲಿ(ರಹ್ಮ) ತಮ್ಮ 'ಇಹ್ಯಾ ಉಲೂಮಿದ್ದೀನ್'ನಲ್ಲಿ, ಸಂಪಾದನೆಯ ಶಿಷ್ಟಾಚಾರಗಳನ್ನು ಹೇಳುವ ಭಾಗದಲ್ಲಿ, ಒಂಬೈನೂರು ವರ್ಷಗಳ ಹಿಂದೆಯೇ ಬರೆದಿಟ್ಟಿದ್ದಾರೆ.

ಈಗ ಮಿಸ್ತ್ರಿಯ ಮನಸ್ಸನ್ನು ಕೊರೆಯುತ್ತಿದ್ದ ಸಂಗತಿಗೆ ಬರೋಣ. ಹಳೆಯ ಕಾರುಗಳ ವ್ಯಾಪಾರಿಯೊಬ್ಬ ಅವರಿಗೆ ತಿಂಗಳಿಗೆ ಐದಾರು ಗಾಡಿ ಕೊಡುತ್ತಿದ್ದ. ಒಂದು ಸಲ ಎದುರಿನಿಂದ ಜೋರಾಗಿ ಡಿಕ್ಕಿಯಾಗಿದ್ದ ಕಾರು ಬಂತು. ಬಾನೆಟ್ಟಿನ ಕೆಳಗಿನ ಏಪ್ರನ್ ಮಡಚಿಹೋಗಿತ್ತು. ಅದು ಬರಿಯ ಅಂದದ ಭಾಗವಲ್ಲ, ಡಿಕ್ಕಿಯಾದರೆ ಪೆಟ್ಟನ್ನು ಹೀರಿಕೊಳ್ಳಬೇಕಾದ ಭಾಗ. ಖರ್ಚು ಕಡಿಮೆ ಮಾಡಲು ವ್ಯಾಪಾರಿ ಅದನ್ನು ಬದಲಿಸದೆ ಬಡಿದು, ಬೆಸುಗೆ ಹಾಕಿಸಿ, ಮೇಲೆ ಪುಟ್ಟಿ ತುಂಬಿಸಿದ. ಮಿಸ್ತ್ರಿ ಬಣ್ಣ ಹಾಕಿದರು. ಹೊಸ ಕಾರಿನಂತೆ ಹೊಳೆಯಿತು. ಧಾರವಾಡದ ಶಾಲೆಯೊಂದರ ಮಾಸ್ತರರು ಅದನ್ನು ಕೊಂಡರು. ತಂದೆಯನ್ನು ವಾರಕ್ಕೆರಡು ಬಾರಿ ಡಯಾಲಿಸಿಸ್ಸಿಗೆಂದು ಹುಬ್ಬಳ್ಳಿಗೆ ಕರೆತರಬೇಕಿತ್ತು ಅವರಿಗೆ. ಮುಂದಿನ ಮಳೆಗಾಲದಲ್ಲಿ ಪುಟ್ಟಿ ಬಿರಿದು, ಫೆಂಡರಿನ ಅಂಚಿನಲ್ಲಿ ಬಣ್ಣ ಗುಳ್ಳೆಯೆದ್ದಿತು. ಅದನ್ನು ಸರಿಮಾಡಿಸಲು ಯಾರೋ ಹೇಳಿದರೆಂದು ಮಾಸ್ತರರು ಬಂದದ್ದು ಇದೇ ಮಿಸ್ತ್ರಿಯ ಬಳಿಗೆ.

"ಕಂಡಕೂಡ್ಲೆ ನನ್ನ ಕೈನ ಕೆಲಸ ಗುರ್ತ ಸಿಕ್ತು," ಎಂದರು ಮಿಸ್ತ್ರಿ. ಅಂದು ಅವರು ಏನೂ ಹೇಳಲಿಲ್ಲ. ಗುಳ್ಳೆಯೆದ್ದ ಜಾಗವನ್ನು ಉಜ್ಜಿ ಬಣ್ಣ ಹಾಕಿ, ಅರ್ಧ ಕೂಲಿ ಮಾತ್ರ ತೆಗೆದುಕೊಂಡರು. ಮಾಸ್ತರರು ಎಷ್ಟು ಪ್ರಾಮಾಣಿಕ ಮನುಷ್ಯನೆಂದು ಹೊಗಳಿ, ಕೈ ಮುಗಿದು ಹೋದರು. ಆ ಹೊಗಳಿಕೆಯೇ ಅವರನ್ನು ಮಸೀದಿಯ ಮೆಟ್ಟಿಲಲ್ಲಿ ತಂದು ನಿಲ್ಲಿಸಿತ್ತು.

ಧಾನ್ಯದ ರಾಶಿಯ ಪ್ರಸಂಗ ನಮ್ಮ ಮನೆಗಳಲ್ಲಿ ಮಕ್ಕಳಿಗೂ ಗೊತ್ತು. ಹ. ಅಬೂಹುರೈರಾ(ರ) ವರದಿ ಮಾಡಿದ ಇದು ಸಹೀಹ್ ಮುಸ್ಲಿಮಿನಲ್ಲಿದೆ. ಪ್ರವಾದಿವರ್ಯರು(ಸ) ಪೇಟೆಯಲ್ಲಿ ನಡೆಯುತ್ತ ಒಂದು ರಾಶಿಯೊಳಗೆ ಕೈ ಹಾಕಿದರು. ಬೆರಳಿಗೆ ತೇವ ತಾಗಿತು. ಇದೇನೆಂದು ಕೇಳಿದಾಗ ವ್ಯಾಪಾರಿ, ಮಳೆ ಬಿತ್ತು ಎಂದ. ಹಾಗಾದರೆ ಜನ ನೋಡುವಂತೆ ತೇವದ ಧಾನ್ಯವನ್ನು ಮೇಲೇಕೆ ಹಾಕಲಿಲ್ಲವೆಂದು ಕೇಳಿ, ವಂಚಿಸುವವನು ತಮ್ಮವನಲ್ಲವೆಂದು ಅವರು ಸಾರಿದರು. ಇಲ್ಲಿ ಒಂದು ಅಂಶವನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ಧಾನ್ಯಕ್ಕೆ ನೀರು ಹಾಕಿದ್ದು ವ್ಯಾಪಾರಿಯಲ್ಲ, ಮಳೆ. ಅವನು ಸುಳ್ಳನ್ನೂ ಹೇಳಲಿಲ್ಲ. ಒದ್ದೆಯಾದ ಧಾನ್ಯ ಮಾರಬಾರದೆಂದೂ ಅವನಿಗೆ ಹೇಳಲಾಗಲಿಲ್ಲ. ಅವನ ಮೇಲಿನ ಆಕ್ಷೇಪ ಒಂದೇ: ಒಣದು ಮೇಲಿತ್ತು, ಒದ್ದೆಯದು ಕೆಳಗಿತ್ತು.

ಇನ್ನೊಂದು ಪ್ರಸಂಗ ಬಣ್ಣದ ಕೆಲಸಕ್ಕೆ ಇನ್ನೂ ಹತ್ತಿರದ್ದು. ಮಾರುವ ಮುನ್ನ ಕೆಲವು ದಿನ ಹಾಲು ಕರೆಯದೆ ಕೆಚ್ಚಲು ತುಂಬಿಕೊಂಡಂತೆ ತೋರಿಸುವ ರೂಢಿ ಅರಬರಲ್ಲಿತ್ತು. ನಮ್ಮ ದನದ ಸಂತೆಗಳಲ್ಲಿಯೂ ಅದು ಅಪರಿಚಿತವಲ್ಲ. ಒಂಟೆ, ಆಡುಕುರಿಗಳಿಗೆ ಹಾಗೆ ಮಾಡಬಾರದೆಂದು ಪ್ರವಾದಿವರ್ಯರು(ಸ) ನಿಷೇಧಿಸಿದರು. ಕೊಂಡವನು ಹಾಲು ಕರೆದು ನೋಡಿದ ಮೇಲೆ ಬೇಕಾದರೆ ಇಟ್ಟುಕೊಳ್ಳಬಹುದು, ಬೇಡವಾದರೆ ಒಂದು ಸಾಅ್ ಖರ್ಜೂರದೊಂದಿಗೆ ಹಿಂದಿರುಗಿಸಬಹುದು ಎಂದರು. ಇದು ಬುಖಾರಿ ಮತ್ತು ಮುಸ್ಲಿಮಿನಲ್ಲಿದೆ. ಕೆಚ್ಚಲಿನಲ್ಲಿದ್ದುದು ನಿಜವಾದ ಹಾಲೇ. ಆದರೆ ನೋಡುವವನ ಕಣ್ಣಿಗೆ ಅದು ಇಲ್ಲದ್ದೊಂದನ್ನು ಹೇಳುತ್ತಿತ್ತು.

ನಮ್ಮ ಊರಿಗೂ ಇದು ಹೊಸತಲ್ಲ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ನಿಂತುಹೋದಾಗ ಇಂಗ್ಲೆಂಡಿನ ಗಿರಣಿಗಳಿಗೆ ಈ ಕಡೆಯ ಹತ್ತಿ ಬೇಕಾಯಿತು. ಬೆಲೆ ಏರಿತು, ಕಲಬೆರಕೆಯೂ ಏರಿತು. ಧಾರವಾಡ ಜಿಲ್ಲೆ ಆಗ ಸೇರಿದ್ದ ಮುಂಬಯಿ ಪ್ರಾಂತ್ಯದಲ್ಲಿ 1863ರಲ್ಲಿ ಹತ್ತಿಯ ಮೋಸ ತಡೆಯಲೆಂದೇ ಒಂದು ಕಾಯಿದೆ ಮಾಡಬೇಕಾಯಿತು. ಅಂದು ಹತ್ತಿಯ ಅಂಡಿಗೆ, ಇಂದು ಕಾರಿನ ಫೆಂಡರು.

ಆದರೆ ಓದುಗರೇ, ಇಲ್ಲಿಯೇ ಒಂದು ತೊಡಕಿದೆ. ಮುಚ್ಚುವುದನ್ನು ಇಸ್ಲಾಮ್ ಎಲ್ಲ ಕಡೆಯೂ ಖಂಡಿಸುತ್ತದೆಯೇ? ಇಲ್ಲ. ತನ್ನ ಸಹೋದರನ ಕುಂದನ್ನು ಮುಚ್ಚುವವನ ಕುಂದನ್ನು ಅಲ್ಲಾಹನು ಇಹದಲ್ಲೂ ಪರದಲ್ಲೂ ಮುಚ್ಚುತ್ತಾನೆಂಬ ಶುಭವಾರ್ತೆ ಅದೇ ಸಹೀಹ್ ಮುಸ್ಲಿಮಿನಲ್ಲಿದೆ. ಒಬ್ಬರ ಕುಂದನ್ನು ಹುಡುಕಿಕೊಂಡು ಹೋಗುವುದನ್ನು ಪವಿತ್ರ ಕುರ್‌ಆನ್ 49ನೆಯ ಅಧ್ಯಾಯದಲ್ಲಿ ನಿಷೇಧಿಸಿದೆ. ಹಾಗಾದರೆ ಒಂದು ಕಡೆ ಮುಚ್ಚುವುದು ಪುಣ್ಯ, ಇನ್ನೊಂದು ಕಡೆ ಮುಚ್ಚುವುದು ಮಹಾಪಾಪ, ಇದು ಹೇಗೆ? "ಮಾಲಿನ ಐಬು ಮುಚ್ಚಿದರ ಗುನ್ಹಾ, ಮನಷ್ಯಾನ ಐಬು ಮುಚ್ಚಿದರ ಸವಾಬು, ಇದೇನ್ರಿ ಲೆಕ್ಕಾ?" ಎಂದು ಮಿಸ್ತ್ರಿಯೂ ಕೇಳಿದ್ದರು.

ಲೆಕ್ಕ ಮನುಷ್ಯ, ಮಾಲು ಎಂಬ ಭೇದದಲ್ಲಿಲ್ಲವೆಂದು ನನಗನಿಸುತ್ತದೆ. ಮುಚ್ಚಿದ್ದಕ್ಕೆ ಬೆಲೆ ತೆರುವವರು ಯಾರು ಎಂಬುದರಲ್ಲಿದೆ. ನೆರೆಯವನು ಒಮ್ಮೆ ಜಾರಿಬಿದ್ದುದನ್ನು ನೀವು ಕಂಡಿರಿ, ಯಾರಿಗೂ ಹೇಳಲಿಲ್ಲ. ಆ ಮೌನದಿಂದ ಯಾರ ಹಕ್ಕೂ ಹೋಗಲಿಲ್ಲ, ಅವನಿಗೆ ತಿದ್ದಿಕೊಳ್ಳಲು ಅವಕಾಶವಾಯಿತು. ಮಾಸ್ತರರ ಕಾರಿನ ಬೆಸುಗೆಯನ್ನು ಮುಚ್ಚಿದಾಗ ಅದರ ಬೆಲೆಯನ್ನು ತೆತ್ತವರು, ಏನೂ ತಿಳಿಯದೆ ಹಿಂದಿನ ಸೀಟಿನಲ್ಲಿ ಕುಳಿತ ಆ ರೋಗಿ ಮುದುಕರು.

ಫಾತಿಮಾ ಬಿನ್ತ್ ಕೈಸ್(ರ) ಅವರ ಪ್ರಸಂಗ ಇದನ್ನು ಸ್ಪಷ್ಟಪಡಿಸುತ್ತದೆ. ಮುಆವಿಯಾ(ರ) ಮತ್ತು ಅಬೂಜಹ್ಮ್(ರ) ಇಬ್ಬರಿಂದಲೂ ತಮಗೆ ವಿವಾಹ ಪ್ರಸ್ತಾಪ ಬಂದಿದೆಯೆಂದು ಅವರು ಪ್ರವಾದಿವರ್ಯರಲ್ಲಿ(ಸ) ಹೇಳಿಕೊಂಡರು. ಸಹೋದರರ ಕುಂದು ಮುಚ್ಚಲು ಕಲಿಸಿದ ಅದೇ ಪ್ರವಾದಿವರ್ಯರು(ಸ), ಒಬ್ಬರ ಬಳಿ ಹಣವಿಲ್ಲ, ಇನ್ನೊಬ್ಬರು ಹೆಗಲಿನಿಂದ ಕೋಲು ಇಳಿಸುವವರಲ್ಲ ಎಂದು ನೇರವಾಗಿ ತಿಳಿಸಿದರು. ಏಕೆಂದರೆ ಆ ಕುಂದಿನೊಡನೆ ಬಾಳಬೇಕಾದವಳು ಮುಂದೆ ನಿಂತು ಕೇಳುತ್ತಿದ್ದಳು. ನಮ್ಮ ಮನೆಗಳಲ್ಲಿ ಏನು ನಡೆಯುತ್ತಿದೆ? ಹುಡುಗನ ಕುಡಿತ, ಹುಡುಗಿಯ ಕಾಯಿಲೆ, ಇಲ್ಲದ ನೌಕರಿ, ಇವನ್ನೆಲ್ಲ ಮುಚ್ಚಿಟ್ಟು ನಿಕಾಹ್ ಮುಗಿಸಿ, ಕೇಳಿದರೆ ಕುಂದು ಮುಚ್ಚುವುದು ಸುನ್ನತ್ತೆಂದು ಹೇಳುವ ಹಿರಿಯರನ್ನು ನಾನು ಕಂಡಿದ್ದೇನೆ. ಅದು ಪುಟ್ಟಿಯ ಕೆಲಸ. ಒಂದು ಮಳೆಗಾಲ ತಡೆಯುವುದಿಲ್ಲ.

ಇನ್ನು ಮಿಸ್ತ್ರಿಯ ಮೂಲ ಪ್ರಶ್ನೆ. ಮಾರುವವನು ಬೇರೆ, ಬಣ್ಣ ಹಾಕುವವನು ಬೇರೆ. ಪಾಪಕ್ಕೆ ನೆರವಾಗಬಾರದೆಂದು ಪವಿತ್ರ ಕುರ್‌ಆನ್ 5ನೆಯ ಅಧ್ಯಾಯದ ಆರಂಭದಲ್ಲಿಯೇ ಹೇಳುತ್ತದೆ. ಆದರೆ ನೆರವು ಎಲ್ಲಿಂದ ಆರಂಭವಾಗುತ್ತದೆ? ಧರ್ಮಶಾಸ್ತ್ರಜ್ಞರು ಇದನ್ನು ಬೇರೊಂದು ಉದಾಹರಣೆಯಲ್ಲಿ ಚರ್ಚಿಸಿದ್ದಾರೆ. ಮದ್ಯ ಮಾಡುವನೆಂದು ಗೊತ್ತಿರುವವನಿಗೆ ದ್ರಾಕ್ಷಿಯ ರಸ ಮಾರಬಹುದೇ? ಮಾರಬಹುದೆಂದು ಇಮಾಮ್ ಅಬೂಹನೀಫಾ(ರಹ್ಮ) ಹೇಳಿದರೆ, ಅವರ ಶಿಷ್ಯರಾದ ಅಬೂಯೂಸುಫ್ ಮತ್ತು ಮುಹಮ್ಮದ್(ರಹ್ಮ) ಅದನ್ನು ಅಪ್ರಿಯವೆಂದರು. ಮಿಸ್ತ್ರಿ ಮೊದಲನೆಯ ಅಭಿಪ್ರಾಯವನ್ನು ಹಿಡಿದುಕೊಳ್ಳಬಹುದಲ್ಲವೇ ಎಂದು ನೀವು ಕೇಳಬಹುದು. ನನ್ನ ಅಲ್ಪಮತಿಗೆ ತೋಚುವುದಿಷ್ಟು, ತಪ್ಪಿದ್ದರೆ ಉಲಮಾಗಳು ತಿದ್ದಲಿ. ರಸ ಮಾರುವಾಗ ರಸ ರಸವೇ ಆಗಿರುತ್ತದೆ. ಕೆಡುಕು ಅನಂತರ, ಇನ್ನೊಬ್ಬನ ಕೈಯಲ್ಲಿ, ಬೇರೊಂದು ಕೆಲಸದಿಂದ ಹುಟ್ಟುತ್ತದೆ. ಬೆಸುಗೆಯ ಮೇಲೆ ಪುಟ್ಟಿ ತೀಡಿ, ಕಾರ್ಖಾನೆಯ ಬಣ್ಣವನ್ನೇ ಹೋಲುವಂತೆ ಗಡಿ ಅಳಿಸುವಾಗ ಮರೆಮಾಚುವ ಕೆಲಸ ಮಿಸ್ತ್ರಿಯ ಕೈಯಲ್ಲಿಯೇ ಪೂರ್ತಿಯಾಗಿರುತ್ತದೆ. ವ್ಯಾಪಾರಿ ಬಾಯಿ ತೆರೆಯುವ ಅಗತ್ಯವೂ ಇಲ್ಲ. ಬಣ್ಣವೇ ಅವನ ಪರವಾಗಿ ಮಾತಾಡುತ್ತದೆ.

ನಮ್ಮ ದೇಶದ ಕಾಯಿದೆಯೂ ಹೀಗೊಂದು ಗೆರೆ ಎಳೆದಿದೆ. 1872ರ ಕರಾರು ಕಾಯಿದೆಯ 17ನೆಯ ಕಲಮಿನ ಪ್ರಕಾರ ಬರಿಯ ಮೌನ ಸಾಮಾನ್ಯವಾಗಿ ಮೋಸವಲ್ಲ, ಗೊತ್ತಿದ್ದೂ ಕ್ರಿಯಾಪೂರ್ವಕವಾಗಿ ಮರೆಮಾಚುವುದು ಮೋಸ. ಶರೀಅತ್ ಇದಕ್ಕಿಂತ ಮುಂದೆ ಹೋಗುತ್ತದೆ. ದೋಷವುಳ್ಳ ವಸ್ತುವನ್ನು ಅದರ ದೋಷ ತಿಳಿಸದೆ ಮಾರುವುದು ಮುಸ್ಲಿಮನಿಗೆ ಸಮ್ಮತವಲ್ಲವೆಂಬ ಹದೀಸನ್ನು ಉಕ್ಬಾ ಬಿನ್ ಆಮಿರ್(ರ) ಅವರಿಂದ ಇಬ್ನು ಮಾಜ ವರದಿ ಮಾಡಿದ್ದಾರೆ. ಅಂದರೆ ಮೌನಕ್ಕೂ ಅಲ್ಲಿ ಜಾಗವಿಲ್ಲ. ಇಮಾಮ್ ಅಬೂಹನೀಫಾರ(ರಹ್ಮ) ಪಾಲುದಾರ ಒಂದು ಬಟ್ಟೆಯ ದೋಷವನ್ನು ತಿಳಿಸಲು ಮರೆತು ಮಾರಿಬಿಟ್ಟಾಗ, ಕೊಂಡವನು ಸಿಗದೆ, ಆ ಹಣವನ್ನೆಲ್ಲ ಅವರು ದಾನ ಮಾಡಿದರೆಂದು ಅವರ ಚರಿತ್ರೆಯಲ್ಲಿ ಹೇಳುತ್ತಾರೆ. ರಸದ ವಿಷಯದಲ್ಲಿ ಸಡಿಲಿಸಿದ ಇಮಾಮರು ಸ್ವಂತ ಅಂಗಡಿಯಲ್ಲಿ ಎಷ್ಟು ಬಿಗಿಯಾಗಿದ್ದರು ನೋಡಿ.

ಹಾಗೆಂದು ಮಾರಾಟಕ್ಕಿರುವ ಕಾರಿಗೆ ಬಣ್ಣವನ್ನೇ ಹಾಕಬಾರದೇ? ಹಾಕಬಹುದು. ಅಂದವಾಗಿಸಿ ಮಾರುವುದು ತಪ್ಪಲ್ಲ. ರಿಪೇರಿ ನಿಜವಾದ ರಿಪೇರಿಯಾಗಿರಬೇಕು, ಮತ್ತು ಕೊಳ್ಳುವವನಿಗೆ ಅದು ತಿಳಿಯಬೇಕು. ತುಕ್ಕನ್ನು ಕೆರೆಯದೆ, ಮುರಿದದ್ದನ್ನು ಬದಲಿಸದೆ ಮೇಲೆ ಪುಟ್ಟಿ ತೀಡುವುದನ್ನು ಮಿಸ್ತ್ರಿ ಒಪ್ಪಬಾರದು. ಏನೇನು ಮಾಡಿದೆನೆಂಬುದನ್ನು ಬಿಲ್ಲಿನಲ್ಲಿ ಬರೆಯಬೇಕು, ಕೇಳಿದವರಿಗೆ ಹೇಳಬೇಕು. ಇದರಾಚೆಗೆ ಪ್ರತಿ ಗಾಡಿಯ ಹಿಂದೆ ಓಡಿ ಕೊಳ್ಳುವವರನ್ನು ಹುಡುಕುವ ಭಾರ ಅವನ ಮೇಲಿದೆಯೆಂದು ನಾನು ಹೇಳಲಾರೆ. ಆದರೆ ಮಾಸ್ತರರು ಅವರ ಗ್ಯಾರೇಜಿಗೇ ಬಂದಿದ್ದರು.

ಇದನ್ನೆಲ್ಲ ಹೇಳಿದಾಗ ಮಿಸ್ತ್ರಿ ಸಿಟ್ಟಾದರು. "ಹಂಗಾದ್ರ ಹಳೀ ಗಾಡಿ ಧಂಧೇನ ಬಂದ್ ಮಾಡ್ಬೇಕಾಗ್ತದ," ಎಂದು ಎದ್ದುಹೋದರು. ಅವರ ಸಿಟ್ಟು ನನಗೆ ಅರ್ಥವಾಯಿತು. ತಿಂಗಳಿಗೆ ಐದಾರು ಗಾಡಿ ಎಂದರೆ ಎರಡು ಹುಡುಗರ ಪಗಾರ, ಮಗಳ ಕಾಲೇಜಿನ ಫೀಸು. ಪ್ರಾಮಾಣಿಕತೆಯ ಬಗ್ಗೆ ಬರೆಯುವವನಿಗೆ ಅದರಿಂದ ಏನೂ ನಷ್ಟವಿಲ್ಲ, ಇದನ್ನು ನಾನು ಮರೆತಿಲ್ಲ.

ಕೊಳ್ಳುವವರಾದ ನಿಮಗೂ ಒಂದೆರಡು ಮಾತು. ಹಳೆಯ ಕಾರನ್ನು ಸಂಜೆ ನೋಡಬೇಡಿ, ಬೆಳಗಿನ ಬಿಸಿಲಿನಲ್ಲಿ ಓರೆಯಿಂದ ನೋಡಿ. ಬಾಗಿಲ ರಬ್ಬರನ್ನು ಎತ್ತಿ ಅದರಡಿ ಬಣ್ಣದ ಅಂಚು ನಿಂತಿದೆಯೇ ಪರೀಕ್ಷಿಸಿ. ಫೆಂಡರು ಬಾನೆಟ್ಟುಗಳ ಬೋಲ್ಟಿನ ಮೇಲಿನ ಬಣ್ಣ ಒಡೆದಿದ್ದರೆ ಯಾರೋ ಬಿಚ್ಚಿದ್ದಾರೆಂದು ತಿಳಿಯಿರಿ. ಬಟ್ಟೆಯಲ್ಲಿ ಸುತ್ತಿದ ಸಣ್ಣ ಅಯಸ್ಕಾಂತ ತಗಡಿಗೆ ಹಿಡಿಯದಿದ್ದರೆ ಅಲ್ಲಿ ದಪ್ಪ ಪುಟ್ಟಿಯಿದೆ. ಹಾಗೆಯೇ, ಇಲ್ಲದ ಐಬು ಹೆಸರಿಸಿ ಬೆಲೆ ಇಳಿಸುವುದೂ ಒಂದು ಬಗೆಯ ತೂಕದ ಮೋಸ. ನಿಜ ಹೇಳಿದ ಮಾರಾಟಗಾರನನ್ನು ಬಿಟ್ಟು, ಹೊಳೆಯುವ ಕಾರಿನ ಕಡೆ ಹೋಗುವ ಗಿರಾಕಿಗಳೇ ಎಷ್ಟೋ ವ್ಯಾಪಾರಿಗಳಿಗೆ ಸುಳ್ಳು ಕಲಿಸಿದ್ದಾರೆ.

ಸುಮಾರು ಇಪ್ಪತ್ತು ದಿನಗಳ ಮೇಲೆ ಮಿಸ್ತ್ರಿ ಮತ್ತೆ ಸಿಕ್ಕರು. ಧಾರವಾಡಕ್ಕೆ ಹೋಗಿ, ಮಾಸ್ತರರ ಮನೆಯ ಮುಂದೆಯೇ ಬಾನೆಟ್ ಎತ್ತಿ ಬೆಸುಗೆ ತೋರಿಸಿದರಂತೆ. ಮಾಸ್ತರರು ಬಹಳ ಹೊತ್ತು ಸುಮ್ಮನಿದ್ದು, "ಮಾರಿದಾಂವಗ ಇದು ಗೊತ್ತಿತ್ತೇನು?" ಎಂದು ಕೇಳಿದರಂತೆ. "ಅವಗೂ ಗೊತ್ತಿತ್ರಿ, ನನಗೂ ಗೊತ್ತಿತ್ತು," ಎಂದರಂತೆ ಇವರು. ವ್ಯಾಪಾರಿ ಕಾರು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಏಪ್ರನ್ ಬದಲಿಸುವ ಖರ್ಚಿನಲ್ಲಿ ಅರ್ಧವನ್ನು ಮಿಸ್ತ್ರಿ ಹಾಕಿಕೊಂಡರು, ಬಣ್ಣದ ಕೂಲಿ ಬಿಟ್ಟುಕೊಟ್ಟರು. ಆ ವ್ಯಾಪಾರಿಯ ಗಾಡಿಗಳು ಈಗ ಅವರ ಗ್ಯಾರೇಜಿಗೆ ಬರುವುದಿಲ್ಲ. ಇಬ್ಬರು ಹುಡುಗರಲ್ಲಿ ಒಬ್ಬ ಬೇರೆ ಕಡೆ ಕೆಲಸಕ್ಕೆ ಸೇರಿದ. ಬಿಲ್ಲಿನ ಪುಸ್ತಕಕ್ಕೆ ಕಾರ್ಬನ್ ಹಾಳೆ ತರಿಸಿಟ್ಟಿದ್ದಾರೆ. ಗಾಡಿಯ ನಂಬರು, ಪುಟ್ಟಿ ಹಾಕಿದ ಜಾಗ, ಬದಲಿಸಿದ ಭಾಗ ಎಲ್ಲ ಅದರಲ್ಲಿ ಬರೆದಿರುತ್ತದೆ. ಅಕ್ಷರ ಅವರದಲ್ಲ, ಮಗಳದ್ದು. ಕಾಲೇಜಿನಿಂದ ಬಂದ ಮೇಲೆ ಸಂಜೆ ಕುಳಿತು ತುಂಬುತ್ತಾಳೆ.